ಒಲೆಯ ಮುಂದಿನ ಪೌರುಷ

ವಿರಾಟರಾಯನ ಮಗ ಉತ್ತರಕುಮಾರನನ್ನು ಅರಿಯದ ಕನ್ನಡಿಗರು ವಿರಳ. ಕೌರವರು ಗೋವುಗಳನ್ನು ಹೊಡೆದುಕೊಂಡು ಹೋದರೆಂಬ ಸುದ್ದಿ ಬಂದಾಗ, ಅಂತಃಪುರದ ಹೆಂಗಳೆಯರ ನಡುವೆ ಕುಳಿತು, ತಕ್ಕ ಸಾರಥಿಯೊಬ್ಬ ದೊರೆತರೆ ಭೀಷ್ಮದ್ರೋಣಾದಿಗಳನ್ನು ಬಡಿದಟ್ಟುವೆನೆಂದು ಮೀಸೆ ತಿರುವಿದ ವೀರ ಆತ. ಸಾರಥಿಯೂ ದೊರೆತ, ಕಡಲಿನಂಥ ಸೇನೆಯೂ ಕಣ್ಣಿಗೆ ಬಿದ್ದಿತು, ವೀರ ರಥದಿಂದ ಧುಮುಕಿ ಓಟ ಕಿತ್ತ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಇಂದಿಗೂ ಜನರ ಬಾಯಲ್ಲಿ ಉಳಿದಿದೆ.

ಉತ್ತರ ಕೊಚ್ಚಿಕೊಂಡದ್ದು ಮುಂದೆ ಮಾಡಲಿರುವ ಸಾಹಸವನ್ನು. ಅಂಥವನ ಬಣ್ಣ ಬಯಲಾಗಬೇಕಾದರೆ ರಥವನ್ನು ರಣದ ಕಡೆಗೆ ತಿರುಗಿಸಿದರೆ ಸಾಕು. ಆದರೆ ಹಿಂದೆಂದೋ ಮಾಡಿ ಮುಗಿಸಿದೆನೆಂದು ಹೇಳಿಕೊಳ್ಳುವವನನ್ನು ಒರೆಗೆ ಹಚ್ಚುವುದು ಹೇಗೆ? ಯುದ್ಧ ಮುಗಿದಿದೆ, ರಣರಂಗ ಸಾವಿರಾರು ಮೈಲಿ ದೂರದಲ್ಲಿದೆ, ಕಂಡವರು ಚದುರಿಹೋಗಿದ್ದಾರೆ. ಉಳಿದಿರುವುದು ಹೇಳುವವನ ಬಾಯಿ, ಕೇಳುವವರ ಕಿವಿ, ಇವೆರಡೇ.

ಇಂಥ ಹುಸಿವೀರರನ್ನು ಕುರಿತು ಅಮೆರಿಕದಲ್ಲಿ ಗ್ರಂಥಗಳು ಹೊರಬಂದಿವೆ, ಕಾಯಿದೆಗಳೂ ಆಗಿವೆ. ಸೈನ್ಯದ ಅಡುಗೆಮನೆಯಲ್ಲಿದ್ದೆ, ಉಗ್ರಾಣದ ಲೆಕ್ಕ ಬರೆಯುತ್ತಿದ್ದೆ ಎಂದು ಸುಳ್ಳು ಹೇಳಲು ಯಾರಿಗೂ ಮನಸ್ಸಾಗದು. ಹೇಳುವುದೇ ಆದರೆ ಎಲ್ಲಕ್ಕಿಂತ ಕಠಿಣವಾದ, ಎಲ್ಲರೂ ಬೆರಗಾಗುವ ಪಡೆಯ ಹೆಸರೇ ಆಗಬೇಕು. ಅಮೆರಿಕದ ನೌಕಾಪಡೆಗೆ ಸೇರಿದ ‘ಸೀಲ್’ ದಳ ಅಂಥದೊಂದು. ಅಧ್ಯಕ್ಷ ಕೆನೆಡಿಯವರ ಕಾಲದಲ್ಲಿ, 1962ರ ಜನವರಿಯಲ್ಲಿ ಹುಟ್ಟಿದ ಈ ದಳದವರು ಕಡಲು, ಆಗಸ, ನೆಲ ಮೂರರಲ್ಲಿಯೂ ಕಾದಬಲ್ಲವರು. ಕ್ಯಾಲಿಫೋರ್ನಿಯಾದ ಕೊರೊನಾಡೊ ಕಡಲತೀರದಲ್ಲಿ ನಡೆಯುವ ಅವರ ಶಿಕ್ಷಣದಲ್ಲಿ ‘ನರಕದ ವಾರ’ ಎಂಬುದೊಂದುಂಟು. ಐದೂವರೆ ದಿನಗಳ ಕಾಲ ತಣ್ಣೀರಿನಲ್ಲಿ, ಮರಳಿನಲ್ಲಿ, ಕೆಸರಿನಲ್ಲಿ ಹಗಲಿರುಳು ದುಡಿಯಬೇಕು. ಆ ಅವಧಿಯಲ್ಲೆಲ್ಲ ದೊರೆಯುವ ನಿದ್ದೆ ಒಟ್ಟು ನಾಲ್ಕು ಗಂಟೆಯಷ್ಟು. ಸಾಕೆನಿಸಿದವನು ಅಲ್ಲಿ ತೂಗುಹಾಕಿರುವ ಹಿತ್ತಾಳೆಯ ಗಂಟೆಯನ್ನು ಮೂರು ಸಲ ಬಾರಿಸಿ ಹೊರನಡೆಯಬಹುದು. ಶಿಕ್ಷಣಕ್ಕೆ ಸೇರಿದವರಲ್ಲಿ ಹೆಚ್ಚಿನವರು ಅದನ್ನು ಮುಗಿಸುವುದಿಲ್ಲ.

2011ರ ಮೇ ತಿಂಗಳಿನಲ್ಲಿ ಈ ದಳದವರು ಪಾಕಿಸ್ತಾನದ ಅಬೋಟಾಬಾದಿನಲ್ಲಿ ಒಸಾಮಾ ಬಿನ್ ಲಾಡೆನ್ನನನ್ನು ಕೊಂದರು. ಕಾರ್ಯಾಚರಣೆಯಲ್ಲಿದ್ದವರ ಹೆಸರುಗಳನ್ನು ಸರಕಾರ ಪ್ರಕಟಿಸಲಿಲ್ಲ. ಆ ಬಳಿಕ, ತಾನೂ ಒಮ್ಮೆ ಸೀಲ್ ಆಗಿದ್ದೆನೆನ್ನುವವರ ಸಂಖ್ಯೆ ಏರಿತು. ಬ್ರಿಟನ್ನಿನಲ್ಲಿ ಇದೇ ಬಗೆಯ ಅನುಭವ ಅದಕ್ಕೂ ಮೂವತ್ತು ವರ್ಷ ಹಿಂದಿನದು. 1980ರ ಮೇ 5ರಂದು ಲಂಡನ್ನಿನ ಇರಾನ್ ರಾಯಭಾರ ಕಚೇರಿಯಲ್ಲಿ ಒತ್ತೆಯಾಳುಗಳಾಗಿದ್ದವರನ್ನು ಬಿಡಿಸಲು, ‘ಎಸ್.ಎ.ಎಸ್.’ ಪಡೆಯವರು ಮಹಡಿಯ ಮೊಗಸಾಲೆಯಿಂದ ಒಳನುಗ್ಗಿದರು. ಆ ದೃಶ್ಯವನ್ನು ದೇಶವೆಲ್ಲ ಟೆಲಿವಿಷನ್ನಿನಲ್ಲಿ ಕಂಡಿತು. ಯೋಧರ ಮೈಮೇಲೆ ಕಪ್ಪು ಉಡುಪು, ಮುಖಕ್ಕೆ ಮುಸುಕು. ಮುಸುಕಿನ ಮರೆಯ ಮುಖ ಯಾರದಾದರೂ ಆಗಬಹುದಷ್ಟೆ! ಅಂದು ತಾನು ಆ ಮೊಗಸಾಲೆಯ ಮೇಲಿದ್ದೆನೆಂದು ಹೇಳಿಕೊಂಡವರೆಲ್ಲ ನಿಜವಾಗಿಯೂ ಅಲ್ಲಿದ್ದಿದ್ದರೆ, ಅದು ಆ ಭಾರಕ್ಕೇ ಕುಸಿದು ಬೀಳುತ್ತಿತ್ತೆಂಬ ವಿನೋದ ಅಲ್ಲಿ ಬೆಳೆದುಬಂದಿತು. ಅಮೆರಿಕದ ಕತೆಗಾರ ಜೇಮ್ಸ್ ಥರ್ಬರ್ 1939ರಲ್ಲಿ ಬರೆದ ಕತೆಯೊಂದರಲ್ಲಿ, ಹಗಲುಗನಸಿನಲ್ಲಿಯೇ ಸಾಹಸ ಮೆರೆಯುವ ವಾಲ್ಟರ್ ಮಿಟ್ಟಿ ಎಂಬ ಸಾಧುಪ್ರಾಣಿ ಇದ್ದಾನೆ. ಅವನ ಹೆಸರನ್ನೇ ಮೊಟಕುಗೊಳಿಸಿ, ಬ್ರಿಟಿಷ್ ಸೈನಿಕರು ಇಂಥವರನ್ನು ‘ವಾಲ್ಟ್’ ಎಂದು ಕರೆಯುತ್ತಾರೆ.

ಹುಸಿವೀರನಿಗೆ ಇಂಥ ಪಡೆಯೇ ಏಕೆ ಬೇಕು? ಕೀರ್ತಿ ಹೆಚ್ಚೆಂಬುದು ಒಂದು ಕಾರಣ. ಗುಟ್ಟು ಹೆಚ್ಚೆಂಬುದು ಅದಕ್ಕಿಂತ ದೊಡ್ಡ ಕಾರಣ. ಎಲ್ಲಿ ಹೋರಾಡಿದಿರಿ ಎಂದರೆ, ಅದನ್ನು ಹೇಳುವಂತಿಲ್ಲ. ಜೊತೆಗಿದ್ದವರು ಯಾರು ಎಂದರೆ, ಅವರಾರೂ ಬದುಕಿಲ್ಲ. ಕಾಗದಪತ್ರ ತೋರಿಸಿ ಎಂದರೆ, ಸರಕಾರ ಅವನ್ನು ಮುಚ್ಚಿಟ್ಟಿದೆ. ಪ್ರಮಾಣವಿಲ್ಲದಿರುವುದೇ ಪ್ರಮಾಣವಾಗಿಬಿಡುವ ಇಂಥ ಅನುಕೂಲ ಮತ್ತಾವ ಸುಳ್ಳಿಗುಂಟು? ದಿಟವಾಗಿ ನೋಡಿದರೆ ಗುಟ್ಟಾಗಿರುವುದು ಕಾರ್ಯಾಚರಣೆ, ಸೈನಿಕನ ಸೇವೆಯಲ್ಲ. ಶಿಕ್ಷಣ ಮುಗಿಸಿದವರ ಪಟ್ಟಿ ಇರುತ್ತದೆ. ಸೇರಿದ ದಿನ, ಬಿಟ್ಟ ದಿನ, ಪಡೆದ ಪದಕ ಎಲ್ಲವೂ ಸೇವಾಪತ್ರದಲ್ಲಿ ದಾಖಲಾಗಿರುತ್ತವೆ.

ಕಾಗದದ ಮಾತು ಬಂದಾಗ ಹುಸಿವೀರ ಬಳಸುವ ಮತ್ತೊಂದು ನೆಪ ಬೆಂಕಿಯದು. ಬೆಂಕಿ ಮಾತ್ರ ಸುಳ್ಳಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಸಿನ ಬಳಿ ಅಮೆರಿಕದ ಸೇನಾ ದಾಖಲೆಗಳ ಭಂಡಾರಕ್ಕೆ ಬೆಂಕಿ ಬಿದ್ದು, 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಸೈನಿಕರ ಕಡತಗಳು ನಾಶವಾದವು. 1912ರಿಂದ 1960ರವರೆಗೆ ಭೂಸೇನೆಯನ್ನು ಬಿಟ್ಟವರ ಕಡತಗಳಲ್ಲಿ ನೂರಕ್ಕೆ 80ರಷ್ಟು ಬೂದಿಯಾದವು. ವಾಯುಪಡೆಯ ಹಳೆಯ ಕಡತಗಳಲ್ಲಿಯೂ ಒಂದು ದೊಡ್ಡ ಭಾಗ ಹೋಯಿತು. ಎರಡು ಮಹಾಯುದ್ಧಗಳಲ್ಲಿ, ಕೊರಿಯಾದಲ್ಲಿ ಗಾಯಗೊಂಡು ಬಂದ ಎಷ್ಟೋ ಮಂದಿ ವೃದ್ಧರು, ಅವರ ವಿಧವೆಯರು ತಮಗೆ ಸಲ್ಲಬೇಕಾದುದನ್ನು ಪಡೆಯಲು ವೇತನದ ಚೀಟಿ, ಆಸ್ಪತ್ರೆಯ ಕಾಗದ, ಹಳೆಯ ಪತ್ರಗಳನ್ನು ಹುಡುಕಿ ಒಂದೊಂದಾಗಿ ಪುರಾವೆ ಕೂಡಿಸಬೇಕಾಯಿತು. ಸೀಲ್ ದಳದವರು ನೌಕಾಪಡೆಗೆ ಸೇರಿದವರು. ನೌಕಾಪಡೆಯ ಕಡತಗಳನ್ನು ಆ ಬೆಂಕಿ ಮುಟ್ಟಲಿಲ್ಲ. ಆದರೂ ತನ್ನ ಕಡತ ಅಂದೇ ಸುಟ್ಟುಹೋಯಿತೆಂದು ಹುಸಿವೀರ ನಿಟ್ಟುಸಿರು ಬಿಡುತ್ತಾನೆ. ನಿಜವಾಗಿ ಕಳೆದುಕೊಂಡವನ ನಷ್ಟವೇ ಇವನಿಗೆ ಮರೆಯಾಗುತ್ತದೆ. ಇಂಥ ಹತ್ತು ಮಂದಿಯ ಸುಳ್ಳು ಬಯಲಾದಮೇಲೆ, ಹನ್ನೊಂದನೆಯವನು ದಿಟವನ್ನೇ ನುಡಿದರೂ ಅಧಿಕಾರಿ ಹುಬ್ಬೇರಿಸದಿರುವನೇ? ಕದ್ದ ಹಣವನ್ನು ಹಿಂದಿರುಗಿಸಬಹುದು. ಕೆಟ್ಟ ನಂಬಿಕೆಯನ್ನು ಯಾರಿಗೆ, ಹೇಗೆ ಹಿಂದಿರುಗಿಸುವುದು?

ಈ ಬಗೆಯ ಸುಳ್ಳನ್ನು ದಂಡದಿಂದ ಅಡಗಿಸಲು ಅಮೆರಿಕ ಯತ್ನಿಸಿದುದುಂಟು. ಪಡೆಯದ ಸೇನಾಪದಕವನ್ನು ಪಡೆದೆನೆಂದು ಬಾಯಿಮಾತಿನಲ್ಲಿ ಹೇಳಿದರೂ ಅಪರಾಧವೆಂಬ ಕಾಯಿದೆ 2006ರ ಡಿಸೆಂಬರಿನಲ್ಲಿ ಜಾರಿಗೆ ಬಂದಿತು. ಕ್ಯಾಲಿಫೋರ್ನಿಯಾದ ನೀರು ಸರಬರಾಜು ಮಂಡಲಿಯೊಂದಕ್ಕೆ ಆರಿಸಿಬಂದಿದ್ದ ಕ್ಸೇವಿಯರ್ ಆಲ್ವರೆಜ್ ಎಂಬಾತ 2007ರಲ್ಲಿ ಸಭೆಯೊಂದರಲ್ಲಿ ತನ್ನ ಪರಿಚಯ ಹೇಳಿಕೊಂಡ. ಮೆರೀನ್ ಪಡೆಯಲ್ಲಿ 25 ವರ್ಷ ಸೇವೆ ಸಲ್ಲಿಸಿದೆ, ಹಲವು ಸಲ ಗಾಯಗೊಂಡೆ, 1987ರಲ್ಲಿ ದೇಶದ ಅತ್ಯುನ್ನತ ಶೌರ್ಯಪದಕ ಪಡೆದೆ ಎಂದ. ಆತ ಸೈನ್ಯದಲ್ಲಿ ಒಂದು ದಿನವೂ ಇದ್ದವನಲ್ಲ. ಹೆಸರಾಂತ ಹಾಕಿ ತಂಡದಲ್ಲಿ ಆಡಿದ್ದೆ, ಮೆಕ್ಸಿಕೋದ ತಾರೆಯನ್ನು ಮದುವೆಯಾಗಿದ್ದೆ ಎಂದು ಹೇಳಿಕೊಂಡದ್ದೂ ಉಂಟು. ಕೆಳಗಿನ ನ್ಯಾಯಾಲಯ ಅವನಿಗೆ 5,000 ಡಾಲರ್ ದಂಡ ವಿಧಿಸಿತು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2012ರ ಜೂನ್ 28ರಂದು ಆರು ಮಂದಿ ನ್ಯಾಯಮೂರ್ತಿಗಳು ಆಲ್ವರೆಜನ ಪರವಾಗಿ, ಮೂವರು ವಿರುದ್ಧವಾಗಿ ತೀರ್ಪಿತ್ತರು, ಕಾಯಿದೆ ಬಿದ್ದುಹೋಯಿತು.

ನ್ಯಾಯಮೂರ್ತಿ ಆಂಥೊನಿ ಕೆನೆಡಿಯವರ ತೀರ್ಪು ಆಲ್ವರೆಜನ ಸುಳ್ಳನ್ನು ಮನ್ನಿಸಲಿಲ್ಲ. ಬರಿಯ ಸುಳ್ಳನ್ನೇ ಅಪರಾಧವೆನ್ನುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟರೆ ಅದಕ್ಕೆ ಎಲ್ಲೆಯೆಲ್ಲಿ ಎಂಬುದು ಅವರ ಅಳುಕು. ಪದಕ ಪಡೆದವರ ಹೆಸರುಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಿದರೆ ಸುಳ್ಳು ತಾನೇ ಹೊರಬೀಳುವುದೆಂಬ ಹಾದಿಯನ್ನೂ ತೀರ್ಪು ತೋರಿತು. ಮುಂದಿನ ತಿಂಗಳೇ ರಕ್ಷಣಾ ಇಲಾಖೆ ಅಂಥ ಪಟ್ಟಿಯೊಂದನ್ನು ಪ್ರಕಟಿಸತೊಡಗಿತು. 2013ರ ಜೂನಿನಲ್ಲಿ ಹೊಸ ಕಾಯಿದೆ ಬಂದಿತು: ಹಣ, ಆಸ್ತಿ ಅಥವಾ ಅಂಥ ಬೇರಾವುದಾದರೂ ಲಾಭಕ್ಕಾಗಿ ಪದಕದ ಸುಳ್ಳು ಹೇಳಿದವನಿಗೆ ಒಂದು ವರ್ಷದವರೆಗೆ ಸೆರೆವಾಸ. ಬರಿಯ ಭೇಷ್ ಎನಿಸಿಕೊಳ್ಳಲು ಸುಳ್ಳಾಡಿದವನು ಈ ಬಲೆಗೆ ಬೀಳುವುದಿಲ್ಲ.

ಭಾರತದಲ್ಲಿಯೂ ಕಾನೂನು ಕೇಳುವುದು ಉದ್ದೇಶವನ್ನೇ. ತನ್ನನ್ನು ಯೋಧನೆಂದು ಜನ ನಂಬಲೆಂದು ಸೈನಿಕನಲ್ಲದವನು ಸೈನಿಕರ ಉಡುಪನ್ನೋ ಲಾಂಛನವನ್ನೋ ಧರಿಸುವುದು 1860ರ ದಂಡಸಂಹಿತೆಯ 140ನೆಯ ಕಲಮಿನಂತೆ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಮು ಅದನ್ನೇ ಮುಂದುವರಿಸಿದೆ. ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಈ ಕಲಮು ಹಿಡಿಯುವುದು ಉಡುಪನ್ನು, ಲಾಂಛನವನ್ನು. ಜಗಲಿಯ ಮೇಲಿನ ಬಾಯಿಮಾತು ಅದಕ್ಕೆ ಸಿಕ್ಕುವುದಿಲ್ಲ.

ಜಗಲಿಯ ಮಾತಿಗೆ ಒಬ್ಬ ಹೇಳುವವನಷ್ಟೇ ಸಾಲದು. ನಂಬಲು ಹಾತೊರೆಯುವ ಕೇಳುಗರೂ ಬೇಕು. ಟೆಕ್ಸಾಸಿನ ವಾಲ್ಟರ್ ವಿಲಿಯಮ್ಸನ ಕತೆ ಇದಕ್ಕೆ ಸಾಕ್ಷಿ. ತಾನು 1842ರಲ್ಲಿ ಹುಟ್ಟಿದವನೆಂದೂ, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಕಡೆ ಹುಡ್ ಸೇನಾನಿಯ ಹೆಸರುವಾಸಿ ದಳದಲ್ಲಿದ್ದವನೆಂದೂ ಆತ ಹೇಳಿಕೊಂಡಿದ್ದ. ಬಡತನದ ದಿನಗಳಲ್ಲಿ, 1932ರಲ್ಲಿ, ಹಳೆಯ ಯೋಧರಿಗೆ ಸಲ್ಲುವ ಪಿಂಚಣಿಗೆ ಅರ್ಜಿ ಹಾಕಿದ್ದ. ವರ್ಷಗಳು ಕಳೆದು ಉಳಿದವರು ಒಬ್ಬೊಬ್ಬರಾಗಿ ಕಣ್ಮುಚ್ಚಿದಂತೆ, ಈ ಮುದುಕ ಆ ಯುದ್ಧದ ಕಟ್ಟಕಡೆಯ ಯೋಧನೆನಿಸಿಕೊಂಡ. 1959ರಲ್ಲಿ ಲೊವೆಲ್ ಬ್ರಿಡ್‌ವೆಲ್ ಎಂಬ ಪತ್ರಿಕೋದ್ಯೋಗಿ ಹಳೆಯ ಕಡತಗಳನ್ನು ತಿರುವಿಹಾಕಿದಾಗ, 1860ರ ಜನಗಣತಿಯಲ್ಲಿ ವಿಲಿಯಮ್ಸನ ವಯಸ್ಸು ಐದು ಎಂದಿತ್ತು! ಸುದ್ದಿ ಪ್ರಕಟವಾಯಿತು. ಆದರೂ ಆ ವರ್ಷದ ಡಿಸೆಂಬರಿನಲ್ಲಿ ವಿಲಿಯಮ್ಸ್ ತೀರಿಕೊಂಡಾಗ, ಅಧ್ಯಕ್ಷ ಐಸೆನ್‌ಹೋವರ್ ದೇಶವೇ ಶೋಕ ಆಚರಿಸಬೇಕೆಂದು ಸಾರಿದರು. ಒಂದು ಯುಗದ ಕೊನೆಯ ಕೊಂಡಿ ಕಳಚಿತೆಂದು ಅಳಲು ಜನ ಸಿದ್ಧವಾಗಿದ್ದರು. ಜನಗಣತಿಯ ಒಂದು ಸಾಲು ಆ ಅಳುವನ್ನು ತಡೆಯಲಾರದೆ ಹೋಯಿತು.

ಅದಕ್ಕೂ ಮೂರು ವರ್ಷ ಮುಂಚೆ, 1956ರಲ್ಲಿ, ಮಿನೆಸೋಟದ ಆಲ್ಬರ್ಟ್ ವುಲ್ಸನ್ ಎಂಬ ವೃದ್ಧ ತೀರಿಕೊಂಡಿದ್ದ. ಉತ್ತರದ ಸೈನ್ಯದಲ್ಲಿ ಆತ ಹುಡುಗನಾಗಿದ್ದಾಗ ಡೋಲು ಬಾರಿಸುತ್ತಿದ್ದವನು. ಅವನ ತುಕಡಿ ಒಂದು ಕಾಳಗವನ್ನೂ ಕಾಣಲಿಲ್ಲ. ಆದರೆ ಅವನ ಸೇವೆಗೆ ದಾಖಲೆಯಿತ್ತು. ಆ ಮಹಾಯುದ್ಧದ ಕೊನೆಯ ದಿಟವಾದ ಯೋಧ ಕತ್ತಿ ಹಿರಿದವನಲ್ಲ, ಡೋಲು ಬಾರಿಸಿದವನು. ದಿಟದ ಸೇವೆ ಸಾಮಾನ್ಯವಾಗಿ ಹೀಗೆಯೇ ಚಿಕ್ಕದಾಗಿ ಕಾಣುತ್ತದೆ. ಕೇಳುಗರಿಗೆ ಚಿಕ್ಕದು ಹಿಡಿಸದೆ ಹೋದಾಗಲೇ ಹುಸಿವೀರನಿಗೆ ಪೀಠ ಸಿದ್ಧವಾಗುವುದು.

ಹಾಗೆಂದು ಹಳೆಯ ಸಮವಸ್ತ್ರ ತೊಟ್ಟ ಮುದುಕನನ್ನು ಕಂಡೊಡನೆ ಬೀದಿಯಲ್ಲಿ ಅಡ್ಡಗಟ್ಟಿ ಛೀಮಾರಿ ಹಾಕುವುದು ವಿವೇಕವಲ್ಲ. ಅಮೆರಿಕದಲ್ಲಿ ಹೀಗೆ ಮಾಡಹೋಗಿ ನಿಜವಾದ ಯೋಧರನ್ನೇ ಅವಮಾನಿಸಿದ ಪ್ರಸಂಗಗಳುಂಟು. ಪದಕವನ್ನು ತಪ್ಪಾದ ಜಾಗದಲ್ಲಿ ಚುಚ್ಚಿಕೊಳ್ಳುವುದು, ಇಸವಿ ಮರೆಯುವುದು ಮುಪ್ಪಿನ ಲಕ್ಷಣವೂ ಆಗಿರಬಹುದು. ಊರ ಸಮಾರಂಭಕ್ಕೆ ಅತಿಥಿಯನ್ನು ಕರೆಯುವಾಗ, ಮಗಳಿಗೆ ವರನನ್ನು ಗೊತ್ತುಮಾಡುವಾಗ, ಯೋಧನ ಹೆಸರಿನಲ್ಲಿ ಹಣ ಕೂಡಿಸುವಾಗ ಸೇವಾಪತ್ರವನ್ನು ಮೆಲ್ಲನೆ, ಮರ್ಯಾದೆಯಿಂದ ಕೇಳಿದರೆ ಸಾಕು. ದಿಟವಾದ ಯೋಧ ಅದಕ್ಕೆ ಮುನಿಯುವುದಿಲ್ಲ. ಸೈನ್ಯದಲ್ಲಿ ಬಾಗಿಲು ಬಾಗಿಲಿಗೂ ಗುರುತುಪತ್ರ ತೋರಿಸಿ ಬದುಕಿದವನು ಆತ.

ಉತ್ತರಕುಮಾರನ ಕತೆಯ ಕೊನೆಯನ್ನು ಗಾದೆ ಹೇಳುವುದಿಲ್ಲ. ಗೆದ್ದವನು ತನ್ನ ಮಗನೇ ಎಂದು ಹಿಗ್ಗಿದ ವಿರಾಟರಾಯ, ಗೆಲುವಿಗೆ ಕಾರಣ ಬೃಹನ್ನಳೆ ಎಂದು ಸತ್ಯ ನುಡಿದ ಕಂಕಭಟ್ಟನ ಮುಖಕ್ಕೆ ಪಗಡೆಯ ದಾಳದಿಂದ ಹೊಡೆದು ರಕ್ತ ಬರಿಸಿದ. ನಂಬಲು ಹಾತೊರೆಯುವವನ ಕೋಪ ಅಂಥದು. ಅಷ್ಟರಲ್ಲಿ ಉತ್ತರ ಒಳಗೆ ಬಂದ. ಗೆಲುವನ್ನು ನಿನ್ನದೆಂದೇ ಹೇಳಿಕೊ ಎಂದು ಸ್ವತಃ ಅರ್ಜುನನೇ ಅವನಿಗೆ ಹೇಳಿಕೊಟ್ಟಿದ್ದ. ಊರು ಸಿಂಗಾರಗೊಂಡಿತ್ತು, ತಂದೆ ಹೊಗಳುತ್ತಿದ್ದ, ಒಂದು ಮಾತು ಆಡದೆ ಸುಮ್ಮನಿದ್ದಿದ್ದರೂ ಕೀರ್ತಿ ಅವನದಾಗುತ್ತಿತ್ತು. ಒಲೆಯ ಮುಂದೆ ಕೊಚ್ಚಿಕೊಂಡಿದ್ದ ಆ ಹುಡುಗ ತುಂಬಿದ ಸಭೆಯಲ್ಲಿ ತಂದೆಗೆ ಹೇಳಿದ: ಗೋವುಗಳನ್ನು ಬಿಡಿಸಿದವನು ನಾನಲ್ಲ, ಆ ಕೆಲಸವನ್ನೆಲ್ಲ ಮಾಡಿದವನು ಬೇರೊಬ್ಬ.