ಕೊನೆಯದು ಸೇರಬಾರದು ಸ್ವಾಮಿ!

ಪೈಥಾನ್ ಕಲಿಯಲು ಹೊರಟವರು ಮೊದಲ ವಾರದಲ್ಲೇ ತೆಗೆಯುವ ತಕರಾರು ಒಂದಿದೆ. ಪಟ್ಟಿಯಿಂದ (ಅರೇ ಅನ್ನಿ, ಲಿಸ್ಟ್ ಅನ್ನಿ) ಒಂದು ತುಂಡು ಬೇಕೆಂದು ಬಾಕಿ[0:10] ಅಂತ ಬರೆದರೆ 0ಯಿಂದ 9ರವರೆಗಿನ ಸ್ಥಾನಗಳಷ್ಟೇ ಬರುತ್ತವೆ. "ಹತ್ತು ಅಂದಮೇಲೆ ಹತ್ತೂ ಬರಬೇಕಲ್ವಾ? ಎಂಥಾ ಎಡವಟ್ಟು ಭಾಷೆ ಇದು!" ಪುಣೆಯ ನಮ್ಮ ಐಟಿ ಹುಡುಗರೂ ಇದೇ ರಾಗ ಎಳೆಯುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಎಡವಟ್ಟು ಭಾಷೆಯದಲ್ಲ, ನಿಮ್ಮ ಎಣಿಕೆಯದು.

ಹತ್ತನೇ ತಾರೀಖು ಇಟ್ಟ ಠೇವಣಿಯನ್ನು ಇಪ್ಪತ್ತಕ್ಕೆ ತೆಗೆದರೆ ಎಷ್ಟು ದಿನದ ಬಡ್ಡಿ? ಹತ್ತು. ಇಟ್ಟ ದಿನ ಲೆಕ್ಕಕ್ಕುಂಟು, ತೆಗೆದ ದಿನ ಇಲ್ಲ. ಅದೇ ಇಪ್ಪತ್ತಕ್ಕೆ ಹಣವನ್ನು ಮತ್ತೆ ಇಟ್ಟರೆ ಆ ದಿನ ಹೊಸ ಠೇವಣಿಗೆ ಸೇರುತ್ತದೆ. ಎರಡೂ ಕಡೆ ಸೇರಿಸಿದಿರೋ, ಒಂದೇ ದಿನಕ್ಕೆ ಎರಡು ಬಡ್ಡಿ! ಇಟ್ಟ ದಿನವೇ ತೆಗೆದರೆ ಸೊನ್ನೆ ದಿನ, ಬಾಕಿ[10:10] ಖಾಲಿ ಇದ್ದ ಹಾಗೆ. ಲೆಡ್ಜರ್ ಕಾಲದ ಗುಮಾಸ್ತರಿಗೆ ಇದನ್ನು ಯಾವ ಕಂಪ್ಯೂಟರೂ ಕಲಿಸಿರಲಿಲ್ಲ.

ಉಳಿತಾಯ ಖಾತೆಗೆ 2010ರ ಏಪ್ರಿಲ್ 1ರಿಂದ ದಿನದಿನದ ಬಾಕಿಯ ಮೇಲೆ ಬಡ್ಡಿ. (ಅದಕ್ಕೂ ಮುಂಚೆ ಹತ್ತನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಬಾಕಿಗೆ ಮಾತ್ರ. ಅದೂ ಒಂದು ತುಂಡೇ: ಬಾಕಿ[9:], ಅಂದರೆ ಒಂಬತ್ತು ದಿನ ಬಿಟ್ಟು ಉಳಿದದ್ದು.) ಮೂವತ್ತು ದಿನದ ತಿಂಗಳು, ಹನ್ನೊಂದಕ್ಕೆ ಬಡ್ಡಿ ದರ ಬದಲಾಯಿತು ಅನ್ನಿ. ಹಳೇ ದರಕ್ಕೆ ಬಾಕಿ[0:10], ಹೊಸದಕ್ಕೆ ಬಾಕಿ[10:30]. ಒಂದರ ಕೊನೆ, ಇನ್ನೊಂದರ ಮೊದಲು, ಎರಡೂ ಅದೇ 10. ಮೂವತ್ತರಲ್ಲಿ ಹತ್ತು ಕಳೆದರೆ ಇಪ್ಪತ್ತು ದಿನ, ಅಷ್ಟೇ. ಕೊನೆಯದನ್ನೂ ಸೇರಿಸುವವರು ಮೂವತ್ತರಲ್ಲಿ ಹನ್ನೊಂದು ಕಳೆದು, ಒಂದು ಕೂಡಿಸಬೇಕು. ಆ ಒಂದು ಮರೆತರೆ ಪ್ರತಿ ಠೇವಣಿದಾರನ ಒಂದು ದಿನದ ಬಡ್ಡಿ ಗೋತಾ.

ಡೈಕ್‌ಸ್ಟ್ರಾ ಎಂಬ ಡಚ್ ಪಂಡಿತರು 1982ರಲ್ಲೇ ಇದನ್ನು ಟಿಪ್ಪಣಿ ಬರೆದು ವಾದಿಸಿದ್ದಾರೆ. ಆರ್, ಮ್ಯಾಟ್‌ಲ್ಯಾಬ್ ಭಾಷೆಗಳಲ್ಲಿ ಒಂದರಿಂದ ಎಣಿಸುತ್ತಾರೆ, ಕೊನೆಯದೂ ಸೇರುತ್ತದೆ. ಇರಲಿ, ಅವರ ಮನೆಯ ಪದ್ಧತಿ ಅವರಿಗೆ. ನನಗೆ ಸಿಟ್ಟು ಬರುವುದು ಜಾವಾಸ್ಕ್ರಿಪ್ಟ್ ಮೇಲೆ. ಅಲ್ಲಿ ಸ್ಲೈಸ್ ಅಂತ ಒಂದು, ಸ್ಪ್ಲೈಸ್ ಅಂತ ಇನ್ನೊಂದು. ಮೊದಲನೆಯದು ಮೂಲ ಪಟ್ಟಿಯನ್ನು ಮುಟ್ಟದೆ ತುಂಡಿನ ನಕಲು ಕೊಡುತ್ತದೆ. ಎರಡನೆಯದು ಮೂಲವನ್ನೇ ಕತ್ತರಿಸುತ್ತದೆ, ಅದಕ್ಕೆ ಕೊಡುವ ಎರಡನೇ ಅಂಕಿಯೂ ಕೊನೆಯ ಸ್ಥಾನವಲ್ಲ, ಎಷ್ಟು ತೆಗೆಯಬೇಕೆಂಬ ಲೆಕ್ಕ! ಪಾಸ್‌ಬುಕ್ ನಕಲಿಗೂ ಖಾತೆ ಮುಚ್ಚುವುದಕ್ಕೂ ಒಂದಕ್ಷರ ವ್ಯತ್ಯಾಸದ ಫಾರಂ ಯಾರಾದರೂ ಇಡುತ್ತಾರಾ?

ಪೈಥಾನ್ ಮೇಲೂ ಒಂದು ದೂರಿದೆ, ನೀವು ಹೇಳುವುದಲ್ಲ. ಫೆಬ್ರವರಿಯ 28 ದಿನದ ಪಟ್ಟಿಗೆ ಬಾಕಿ[0:31] ಅಂದರೆ ತೆಪ್ಪಗೆ 28 ಕೊಟ್ಟು ಕೂರುತ್ತದೆ. ಬಾಕಿ[40:50] ಅಂದರೆ ಖಾಲಿ ಪಟ್ಟಿ. ಬರೀ ಬಾಕಿ[40] ಕೇಳಿದರೆ ಮಾತ್ರ ಎರರ್ ಅಂತ ಕೂಗುತ್ತದೆ. ಹತ್ತು ಸಾವಿರದ ಚೆಕ್ಕಿಗೆ, ಖಾತೆಯಲ್ಲಿ ಎಂಟೇ ಇದೆ ಅಂತ ಎಂಟು ಕೊಟ್ಟು, ತುಟಿ ಬಿಚ್ಚದೆ ಕಳಿಸುವ ಕ್ಯಾಷಿಯರ್ ಇದು. ಕತ್ತರಿಸುವ ಮುಂಚೆ ಪಟ್ಟಿಯ ಉದ್ದ ನೀವೇ ನೋಡಿಕೊಳ್ಳಬೇಕು.