ಹುಲ್ಲಿನ ಹಾದಿ, ಕಬ್ಬಿಣದ ಹಾದಿ

1869ನೆಯ ಇಸವಿ ಮೇ 10ರಂದು ಅಮೆರಿಕದ ಯೂಟಾ ಪ್ರಾಂತದ ಪ್ರಾಮಂಟರಿ ಎಂಬಲ್ಲಿ, ಪೂರ್ವದಿಂದ ಬಂದ ಯೂನಿಯನ್ ಪೆಸಿಫಿಕ್ ಹಳಿಯೂ ಪಶ್ಚಿಮದಿಂದ ಬಂದ ಸೆಂಟ್ರಲ್ ಪೆಸಿಫಿಕ್ ಹಳಿಯೂ ಒಂದನ್ನೊಂದು ಕೂಡಿದುವು. ಎತ್ತಿನ ಬಂಡಿಯಲ್ಲಿ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತಿದ್ದ ಪಯಣ ಒಂದು ವಾರದ ಆಸುಪಾಸಿಗೆ ಇಳಿಯಿತು. ಇದನ್ನು ಯಂತ್ರವಿದ್ಯೆಯ ವಿಜಯವೆಂದು ಬಣ್ಣಿಸುವುದು ವಾಡಿಕೆ. ವಿಜಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅದರ ಲೆಕ್ಕ ಬರೆಯುವವರು ಒಂದು ಬಾಬನ್ನು ಬಿಟ್ಟುಬಿಡುವರೆಂಬುದೇ ನಮ್ಮ ಆಕ್ಷೇಪ. ಆ ಬಾಬು ಹುಲ್ಲು.

1840ರಿಂದ 1860ರ ವರೆಗೆ ಸುಮಾರು 3 ಲಕ್ಷ ಜನ ಮಿಸ್ಸೂರಿ ನದಿಯ ದಡವನ್ನು ಬಿಟ್ಟು ಆರೆಗನ್, ಯೂಟಾ, ಕ್ಯಾಲಿಫೋರ್ನಿಯಗಳ ಕಡೆಗೆ ಹೊರಟರು. ಸುಮಾರು 2,000 ಮೈಲಿಗಳ ಆ ದಾರಿಯನ್ನು ಗೊತ್ತುಮಾಡಿದುದು ಎಂಜಿನಿಯರನ ನಕ್ಷೆಯಲ್ಲ, ಎತ್ತಿನ ಹೊಟ್ಟೆ. ದಿನಕ್ಕೆ ಹದಿನೈದು ಮೈಲಿ ಎಳೆದ ಎತ್ತಿಗೆ ಸಂಜೆ ನೀರೂ ಮೇವೂ ದೊರೆಯಬೇಕು. ಆದುದರಿಂದ ಬಂಡಿಗಳು ಪ್ಲಾಟ್ ನದಿಯ ಬಯಲನ್ನು ಹಿಡಿದು ಹೋಗಿ, ಸುಮಾರು 7,400 ಅಡಿ ಎತ್ತರದ ಸೌತ್ ಪಾಸ್ ಎಂಬ ಅಗಲವಾದ ಕಣಿವೆಯಲ್ಲಿ ರಾಕಿ ಪರ್ವತಗಳನ್ನು ದಾಟುತ್ತಿದ್ದುವು. ವಸಂತದ ಹುಲ್ಲು ಚಿಗುರುವ ಮುನ್ನ ಹೊರಟರೆ ದನಕ್ಕೆ ಉಪವಾಸ. ತಡಮಾಡಿದರೆ ಸಿಯೆರ ನೆವಾಡ ಪರ್ವತದ ಹಿಮದಲ್ಲಿ ಜನಕ್ಕೇ ಅಪಾಯ. 1846ರಲ್ಲಿ ಹಾಗೆ ಹಿಮದಲ್ಲಿ ಸಿಕ್ಕಿಬಿದ್ದ ಡಾನರ್ ತಂಡದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಮಡಿದರು.

ಆ ಹುಲ್ಲಿಗೆ ಮೊದಲೇ ಹಕ್ಕುದಾರರಿದ್ದರು. ಬೈಸನ್ ಎಂಬ ಕಾಡುದನ ಅದನ್ನು ಮೇಯುತ್ತಿತ್ತು. ಲಕೋಟ, ಶೈಯೆನ್ ಮೊದಲಾದ ಮೂಲನಿವಾಸಿ ಜನ ಬೈಸನ್ನನ್ನು ನಂಬಿ ಬಾಳುತ್ತಿದ್ದರು. ವಲಸೆಗಾರರ ದನಗಳು ನದಿಯ ಬಯಲನ್ನು ಮೇಯ್ದು ಬರಿದುಮಾಡಿದುವು. ಸರ್ಕಾರ ಇದನ್ನು ಅರಿಯದೆ ಇರಲಿಲ್ಲ. 1851ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ, ದಾರಿಹೋಕರಿಂದಾಗುವ ಹಾನಿಯ ಪರಿಹಾರವೂ ಸೇರಿದಂತೆ, ವರ್ಷಕ್ಕೆ 50,000 ಡಾಲರಿನಂತೆ 50 ವರ್ಷ ಕೊಡುವುದಾಗಿ ಮಾತು ಕೊಟ್ಟಿತು. ಬಳಿಕ ಸೆನೆಟ್ ಸಭೆ ಆ 50 ವರ್ಷವನ್ನು 10ಕ್ಕೆ ಇಳಿಸಿ, ಮುಂದಿನ 5 ವರ್ಷವನ್ನು ಅಧ್ಯಕ್ಷನ ಇಚ್ಛೆಗೆ ಬಿಟ್ಟಿತು.

ಉಗಿಯಂತ್ರ ಹುಲ್ಲು ತಿನ್ನದು. ಅದಕ್ಕೆ ಬೇಕಾದುದು ನೀರು, ಸೌದೆ, ಕಲ್ಲಿದ್ದಲು. ಆದಕಾರಣ ಯೂನಿಯನ್ ಪೆಸಿಫಿಕ್ ರೈಲುಮಾರ್ಗವು ಪ್ಲಾಟ್ ಬಯಲಿನಲ್ಲಿ ಬಂಡಿಗಳ ಹಾದಿಯನ್ನೇ ಅನುಸರಿಸಿದರೂ, ಮುಂದೆ ಸೌತ್ ಪಾಸನ್ನು ಬಿಟ್ಟು, ದೂರ ಕಡಿಮೆಯಾಗಿ ಕಲ್ಲಿದ್ದಲೂ ಸಿಕ್ಕುವ ದಕ್ಷಿಣದ ದಾರಿಯನ್ನು ಹಿಡಿಯಿತು. ಹೀಗೆ ಪ್ರಯಾಣಿಕನಿಗೆ ಹುಲ್ಲಿನ ಹಂಗು ಹರಿಯಿತು. ಹಂಗು ಹರಿದೊಡನೆ ಆ ಹುಲ್ಲನ್ನು ನಂಬಿದವರ ಮೇಲಿನ ಗಮನವೂ ತಪ್ಪಿತೆಂಬುದು ನಮ್ಮ ಅಭಿಪ್ರಾಯ. 1871ರ ಹೊತ್ತಿಗೆ ಬೈಸನ್ ತೊಗಲನ್ನು ಕಾರ್ಖಾನೆಗಳಲ್ಲಿ ಹದಮಾಡುವ ಕ್ರಮ ಬಳಕೆಗೆ ಬಂದಿತು. ಬೇಟೆಗಾರರು ಬಯಲಿಗೆ ನುಗ್ಗಿದರು; ತೊಗಲಿನ ಹೊರೆಗಳನ್ನು ರೈಲು ಪೂರ್ವಕ್ಕೆ ಸಾಗಿಸಿತು. ಶತಮಾನದ ಮೊದಲಲ್ಲಿ ಕೋಟಿಗಳಲ್ಲಿ ಎಣಿಸಬೇಕಾಗಿದ್ದ ಪ್ರಾಣಿ, 1889ರಲ್ಲಿ ವಿಲಿಯಂ ಹಾರ್ನಡೆ ಲೆಕ್ಕ ಹಾಕಿದಾಗ ಸುಮಾರು 1,100ಕ್ಕೆ ಇಳಿದಿತ್ತು. ಅದನ್ನು ನಂಬಿದ್ದ ಜನ ಸರ್ಕಾರದ ಪಡಿಗೆ ಕೈಯೊಡ್ಡಬೇಕಾಯಿತು.

ರೈಲೇ ಬೇಡವಾಗಿತ್ತೆಂದು ನಾವು ಹೇಳುತ್ತಿಲ್ಲ. ಹೊಸ ಮಾರ್ಗವೊಂದನ್ನು ಹಾಕುವಾಗ ಮೈಲಿ, ವೇಗ, ವೆಚ್ಚಗಳ ಜೊತೆಗೆ, ಆ ನೆಲವನ್ನು ಮೊದಲಿನಿಂದ ನಂಬಿಕೊಂಡವರ ಜೀವನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದಷ್ಟೇ ನಮ್ಮ ವಾದ. ಇದು ಅಸಾಧ್ಯವಾದ ಮಾತಲ್ಲ: 1851ರಲ್ಲಿ ಆ ಲೆಕ್ಕವನ್ನು ಬರೆದೇ ಇದ್ದರು. ಅದನ್ನು ಕಡಿತಮಾಡಿದುದು ಯಂತ್ರವಲ್ಲ, ಮನುಷ್ಯರು.