ಪ್ರಮಾಣಪತ್ರ ಸಾಕು, ಪಗಾರ ಕೊಡಿ

ಸುದ್ದಿಗೆಂದು ತಾಲ್ಲೂಕು ತಿರುಗುವಾಗ ಸರ್ಕಾರಿ ಪದವಿ ಕಾಲೇಜುಗಳಿಗೆ ಹೋಗುವುದುಂಟು. ಮಧ್ಯಾಹ್ನ ಎರಡು ಗಂಟೆಗೆ ಹೋದರೆ ಕಾಣುವುದು ಒಂದೇ ನೋಟ. ತರಗತಿ ಮುಗಿದಿವೆ. ಊರಿಗೆ ಬಸ್ಸು ನಾಲ್ಕಕ್ಕೆ. ಬೇವಿನ ಗಿಡದ ನೆರಳಲ್ಲಿ ಹುಡುಗ ಹುಡುಗಿಯರು ಗುಂಪಾಗಿ ಕುಳಿತು ಮೊಬೈಲ್ ನೋಡುತ್ತಿದ್ದಾರೆ. ಹತ್ತು ಹೆಜ್ಜೆ ಆಚೆ ಗ್ರಂಥಾಲಯ. ಒಳಗೆ ಗಾಜಿನ ಕಪಾಟು, ಕಪಾಟಿಗೆ ಬೀಗ. ಕೇಳಿದರೆ, "ಕೀಲಿ ಇದ್ದವರು ಆಫೀಸ್ ಕೆಲಸಕ್ಕ ಹೋಗ್ಯಾರ್ರಿ, ನಾಳೆ ಬರ್ರಿ."

ಈ ಎರಡು ಗಂಟೆ, ಈ ಮಕ್ಕಳು, ಈ ಪುಸ್ತಕ. ಮೂರನ್ನೂ ಒಂದೆಡೆ ತರುವುದು ಕಷ್ಟದ ಕೆಲಸವೇನಲ್ಲ. ವಿದ್ಯಾರ್ಥಿಗಳನ್ನೇ ಗ್ರಂಥಾಲಯದಲ್ಲಿ ಸಹಾಯಕರಾಗಿ ದಿನಕ್ಕೆ ಎರಡು ಗಂಟೆ ದುಡಿಸಿಕೊಳ್ಳಿ. ಆದರೆ ಕೂಲಿ ಕೊಟ್ಟು ದುಡಿಸಿಕೊಳ್ಳಿ. ನಾನು ಹೇಳಹೊರಟಿದ್ದು ಇಷ್ಟೇ. ಇಷ್ಟು ಸಣ್ಣ ಮಾತಿಗೆ ಎಷ್ಟು ದೊಡ್ಡ ದೊಡ್ಡವರು ಮುಖ ತಿರುಗಿಸುತ್ತಾರೆ ಎಂದು ನೋಡಿದ ಮೇಲೆ ಬರೆಯಲೇಬೇಕು ಅನ್ನಿಸಿತು.

ಮೊದಲು ನನ್ನ ಕತೆ ಹೇಳಿಬಿಡುತ್ತೇನೆ. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿಗೆ ನ್ಯಾಕ್ ತಂಡ ಬರುವುದಿತ್ತು. ಒಂದು ದಿನ ಗ್ರಂಥಪಾಲಕ ಸರ್ ಕರೆದು, "ತಮ್ಮಾ, ನಾಲ್ಕು ಮಂದಿ ಹುಡುಗರನ್ನ ಕರಕೊಂಡು ಬಾ. ಪುಸ್ತಕ ಸ್ವಲ್ಪ ಸರಿ ಮಾಡೂಣು" ಎಂದರು. ಸ್ವಲ್ಪ ಎಂದಿದ್ದು ಮೂರು ವಾರ ಆಯಿತು. ಧೂಳು ಹೊಡೆದೆವು. ಗೆದ್ದಲು ತಿಂದ ಪುಸ್ತಕ ಬೇರೆ ಮಾಡಿದೆವು. ಬೆನ್ನಿಗೆ ಚೀಟಿ ಅಂಟಿಸಿದೆವು. ಅಕ್ಸೆಷನ್ ರಿಜಿಸ್ಟರ್ ಹಿಡಿದು ಒಂದೊಂದೇ ನಂಬರ್ ತಾಳೆ ನೋಡಿದೆವು. ಸಂಜೆ ಚಹಾ, ಒಮ್ಮೊಮ್ಮೆ ಚುರುಮುರಿ ಮಿರ್ಚಿ. ಕೊನೆಗೆ ಒಂದು ಪ್ರಮಾಣಪತ್ರ ಕೊಟ್ಟರು. ಅದರಲ್ಲಿ ನನ್ನ ಹೆಸರು ತಪ್ಪಾಗಿತ್ತು.

ನಮ್ಮ ನಾಲ್ವರಲ್ಲಿ ಒಬ್ಬ ಸಂಜೆ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ. ಸರ್ ಮಾತು ಮೀರಬಾರದೆಂದು ಮೂರು ವಾರ ಗ್ಯಾರೇಜು ತಪ್ಪಿಸಿದ. ಗ್ಯಾರೇಜಿನವ ಬೇರೆ ಹುಡುಗನನ್ನು ಇಟ್ಟುಕೊಂಡ. ಮುಂದಿನ ಸೆಮಿಸ್ಟರ್‌ಗೆ ಫೀ ಕಟ್ಟುವ ಹೊತ್ತಿಗೆ ನಮ್ಮ ಗೆಳೆಯ ಕಾಲೇಜಿಗೆ ಬರಲಿಲ್ಲ. ಅದೊಂದೇ ಕಾರಣಕ್ಕೆ ಬಿಟ್ಟ ಎಂದು ನಾನು ಹೇಳಲಾರೆ. ಬಡವರ ಮನೆಯಲ್ಲಿ ಒಂದೇ ಕಾರಣ ಎಂಬುದು ಇರುವುದಿಲ್ಲ. ಆದರೆ ಆ ಮೂರು ವಾರದ ಕೂಲಿ ಅವನ ಕೈಯಲ್ಲಿ ಇದ್ದಿದ್ದರೆ ಫೀ ಕಟ್ಟಲು ಆಗುತ್ತಿತ್ತು ಎಂಬ ಲೆಕ್ಕ ನನಗೆ ಇವತ್ತಿಗೂ ಗೊತ್ತಿದೆ.

ಪುಕ್ಕಟೆ ದುಡಿಮೆಗೆ ನಮ್ಮಲ್ಲಿ ಚೆಂದದ ಹೆಸರುಗಳಿವೆ. ಸೇವೆ, ಶ್ರಮದಾನ, ಅನುಭವ. ನಾನು ಸ್ಟ್ರಿಂಗರ್, ಈ ಮಾತುಗಳು ನನಗೆ ಚೆನ್ನಾಗಿ ಪರಿಚಯ. "ಅನುಭವ ಸಿಗ್ತದ, ಹೆಸರು ಬರ್ತದ" ಎಂದು ಹೇಳಿಸಿಕೊಂಡು ಮೊದಲ ಎರಡು ವರ್ಷ ಪೆಟ್ರೋಲ್ ಖರ್ಚೂ ಇಲ್ಲದೆ ಸುದ್ದಿ ಕಳಿಸಿದವ ನಾನು. ಅನುಭವ ಸಿಕ್ಕಿತು, ಸುಳ್ಳಲ್ಲ. ಆದರೆ ಅನುಭವ ತೋರಿಸಿದರೆ ಕಿರಾಣಿ ಅಂಗಡಿಯಲ್ಲಿ ಅಕ್ಕಿ ಕೊಡುವುದಿಲ್ಲ.

ಈಗ ಬೇರೆ ಕಡೆ ಏನು ನಡೆದಿದೆ ನೋಡೋಣ. ದೂರ ಹೋಗುವುದೇ ಬೇಡ, ಪಕ್ಕದ ಸಾತಾರಾಕ್ಕೆ ಹೋಗಿ. ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ದುಡಿಯುತ್ತ ಓದುವುದು ಅವರ ಶಾಲೆ, ಹಾಸ್ಟೆಲುಗಳ ತಳಪಾಯವೇ ಆಗಿತ್ತು. ರೈತನ ಮಗ, ದಲಿತನ ಮಗ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಹೊಲದಲ್ಲಿ ದುಡಿದು ಓದಿದರು. ಇವತ್ತಿಗೂ ಪುಣೆ ವಿಶ್ವವಿದ್ಯಾಲಯದಲ್ಲಿ ಅವರದೇ ಹೆಸರಿನಲ್ಲಿ ಗಳಿಸುತ್ತ ಕಲಿಯುವ ಯೋಜನೆ ಇದೆ. ವಿದ್ಯಾರ್ಥಿ ಕಾಲೇಜಿನಲ್ಲೇ ಗಂಟೆ ಲೆಕ್ಕದಲ್ಲಿ ಕೆಲಸ ಮಾಡುತ್ತಾನೆ, ಗಂಟೆ ಲೆಕ್ಕದಲ್ಲಿ ಹಣ ಪಡೆಯುತ್ತಾನೆ. ಗ್ರಂಥಾಲಯದ ಕೆಲಸವೂ ಅದರಲ್ಲಿ ಸೇರಿದೆ.

ಅಮೆರಿಕದಲ್ಲಿ 1964ರಲ್ಲೇ ಇದಕ್ಕೆ ಕಾನೂನು ಬಂತು. ಬಡ ವಿದ್ಯಾರ್ಥಿ ಕ್ಯಾಂಪಸ್ಸಿನಲ್ಲಿ ದುಡಿದರೆ ಅವನ ಕೂಲಿಯಲ್ಲಿ ಬಹುಪಾಲನ್ನು ಕೇಂದ್ರ ಸರ್ಕಾರವೇ ಭರಿಸುವ ವ್ಯವಸ್ಥೆ ಅದು. ಅದು ಅಲ್ಲಿನವರಿಗೆ ಮಾತ್ರ. ಆದರೆ ಹೊರದೇಶದಿಂದ ಹೋದ ವಿದ್ಯಾರ್ಥಿಗೂ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ತನಕ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಲು ಅವಕಾಶ ಇದೆ. ಬೆಂಗಳೂರು, ಹುಬ್ಬಳ್ಳಿಯಿಂದ ಎಂ.ಎಸ್. ಓದಲು ಹೋದ ಎಷ್ಟೋ ಮಕ್ಕಳು ಅಲ್ಲಿ ಗ್ರಂಥಾಲಯದ ಕೌಂಟರ್‌ನಲ್ಲಿ ನಿಂತು ಪುಸ್ತಕ ಕೊಟ್ಟು ತಮ್ಮ ಊಟದ ಖರ್ಚು ನೋಡಿಕೊಂಡಿದ್ದಾರೆ. ಅದನ್ನು ಅವರ ಅಪ್ಪ ಅಮ್ಮ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಲ್ಲಿ ಮಾಡಿದರೆ ಸ್ವಾವಲಂಬನೆ. ಇಲ್ಲಿ ನಮ್ಮ ಹುಡುಗಿ ಮಾಡುತ್ತೇನೆ ಎಂದರೆ, "ಓದೋದು ಬಿಟ್ಟು ರೊಕ್ಕದ ಹಿಂದ ಬಿದ್ದಾಳ." ಇದ್ಯಾವ ನ್ಯಾಯ?

ನಮ್ಮದೇನು ದುಡಿದು ಓದುವುದು ಗೊತ್ತಿಲ್ಲದ ನಾಡೇ? ವಾರಾನ್ನ ಉಂಡು ಓದಿದವರು ಮಂತ್ರಿಗಳಾದರು, ಮಠದ ಪ್ರಸಾದ ನಿಲಯದಲ್ಲಿ ಇದ್ದು ಓದಿದವರು ಕಲೆಕ್ಟರ್ ಆದರು. ಇಂದಿಗೂ ನಮ್ಮ ಮಕ್ಕಳು ಭಾನುವಾರ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಹೋಗುತ್ತಾರೆ. ಮದುವೆ ಮನೆಗಳಲ್ಲಿ ಬಡಿಸಲು ಹೋಗುತ್ತಾರೆ. ಅಲ್ಲಿ ಕೂಲಿ ಸಿಗುತ್ತದೆ. ಕೂಲಿ ಸಿಗದ ಜಾಗ ಅವರದೇ ಕಾಲೇಜು.

ಹಣ ಎಲ್ಲಿದೆ ಎಂದು ಕೇಳುತ್ತಾರೆ. ಲೆಕ್ಕ ಹಾಕೋಣ. 2025-26ಕ್ಕೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 46 ರೂಪಾಯಿ. ಒಬ್ಬ ವಿದ್ಯಾರ್ಥಿ ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 20 ದಿನ ಕೆಲಸ ಮಾಡಿದರೆ 40 ಗಂಟೆ, 1,850 ರೂಪಾಯಿ. ನಾಲ್ವರನ್ನು ಇಟ್ಟುಕೊಂಡರೆ ತಿಂಗಳಿಗೆ 7,400. ವರ್ಷದಲ್ಲಿ ಹತ್ತು ತಿಂಗಳು ಕಾಲೇಜು ಎಂದರೆ 74 ಸಾವಿರ. ಒಂದು ಕಾಲೇಜಿನ ಗ್ರಂಥಾಲಯ ವರ್ಷವಿಡೀ ಸಂಜೆ ತನಕ ತೆರೆದಿರಲು 74 ಸಾವಿರ ರೂಪಾಯಿ! ಅತಿಥಿಗಳು ಬರುತ್ತಾರೆಂದು ಗೋಡೆಗೆ ಬಣ್ಣ, ಶಾಲು, ಹಾರ, ಫ್ಲೆಕ್ಸು, ಪೆಂಡಾಲು ಅಂತ ಕೈಬಿಟ್ಟು ಹೋಗುವ ಹಣವನ್ನು ಕೂಡಿಸಿ ನೋಡಿ.

ಪ್ರವೇಶದ ರಸೀದಿ ಮನೆಯಲ್ಲಿದ್ದರೆ ತೆಗೆದು ಓದಿ. ಗ್ರಂಥಾಲಯದ ಹೆಸರಿನಲ್ಲಿ ಒಂದು ಸಾಲು ಇರುತ್ತದೆ, ಕಾಲೇಜು ಅಭಿವೃದ್ಧಿಯ ಹೆಸರಿನಲ್ಲಿ ಇನ್ನೊಂದು. ಸರ್ಕಾರಿ ಪದವಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ನಿಮ್ಮ ಶಾಸಕರೇ ಅಧ್ಯಕ್ಷರು. ಹಣ ಇಲ್ಲ ಎಂಬ ಮಾತನ್ನು ಅವರ ಬಾಯಿಂದಲೇ ಕೇಳೋಣ.

ಇನ್ನೊಂದು ಮಾತು. ಪದವಿ ಮುಗಿಸಿ ಆರು ತಿಂಗಳು ಕೆಲಸ ಸಿಗದಿದ್ದರೆ ನಮ್ಮ ಸರ್ಕಾರ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಕೊಡಲಿ, ನನ್ನ ತಕರಾರಿಲ್ಲ. ಆದರೆ ಕೆಲಸ ಇಲ್ಲದವನಿಗೆ ಓದು ಮುಗಿದ ಮೇಲೆ ಕೊಡಲು ಬರುವ ಹಣವನ್ನು, ಓದುತ್ತಿರುವಾಗ ಕೆಲಸ ಮಾಡಿದವನಿಗೆ ಕೊಡಲು ಯಾಕೆ ಬರುವುದಿಲ್ಲ?

ಎರಡನೇ ತಕರಾರು, "ಹುಡುಗರ ಕೈಗೆ ಕೊಟ್ಟರೆ ಪುಸ್ತಕ ಕಳುವಾಗ್ತಾವು." ಬೀಗದೊಳಗಿನ ಪುಸ್ತಕ ಕಳುವಾಗುವುದಿಲ್ಲ, ನಿಜ. ಗೆದ್ದಲು ತಿನ್ನುತ್ತದೆ, ಅಷ್ಟೇ. ಗ್ರಂಥಾಲಯ ಶಾಸ್ತ್ರವನ್ನು ಈ ದೇಶಕ್ಕೆ ಕಲಿಸಿದ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಪುಸ್ತಕ ಓದುಗನ ಕೈಗೆ ಹೋಗಬೇಕು, ಕಾವಲಿನಲ್ಲಿ ಕೂರಬಾರದು ಎಂಬುದೇ ಅವರ ವಿಚಾರದ ಬುಡ. ಅವರ ಜನ್ಮದಿನ ಆಗಸ್ಟ್ 12ಕ್ಕೆ ಕಾಲೇಜುಗಳಲ್ಲಿ ಫೋಟೋಕ್ಕೆ ಹಾರ ಹಾಕುತ್ತಾರೆ. ಹಾರ ಹಾಕಿ, ಕಪಾಟಿಗೆ ಮತ್ತೆ ಬೀಗ ಹಾಕುತ್ತಾರೆ.

ನನ್ನ ಅನುಭವ ಹೇಳುತ್ತೇನೆ. ಆ ಮೂರು ವಾರದಲ್ಲಿ ನಮ್ಮ ಕೈಯಿಂದ ಒಂದೂ ಪುಸ್ತಕ ಹೋಗಲಿಲ್ಲ. ಬದಲಿಗೆ ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕ ಸಿಕ್ಕವು. ನಾನು ಪತ್ರಿಕೋದ್ಯಮ ಎಂಬ ಪದ ಮೊದಲು ಓದಿದ್ದು ಅಲ್ಲಿ ಧೂಳು ಒರೆಸುತ್ತಿದ್ದ ಒಂದು ಪುಸ್ತಕದ ಬೆನ್ನಿನ ಮೇಲೆ. ಕೆಲಸದಿಂದ ನನಗೆ ಲಾಭ ಆಗಲಿಲ್ಲ ಎಂದು ನಾನು ಹೇಳುತ್ತಿಲ್ಲ. ಲಾಭ ಆಯಿತೆಂದು ಕೂಲಿ ಮುಳುಗಿಸಬಾರದು ಎನ್ನುತ್ತಿದ್ದೇನೆ.

ಇನ್ನು ಕೆಲವರು ನನ್ನ ಮಾತಿಗೆ ಥಟ್ಟನೆ ಒಪ್ಪುತ್ತಾರೆ. ಅವರ ಬಗ್ಗೆ ನನಗೆ ಹೆಚ್ಚು ಭಯ. "ಭಾಳ ಚಲೋ ಆತು, ಹುಡುಗರನ್ನ ಇಟ್ಟುಕೊಂಡರ ಗ್ರಂಥಪಾಲಕರ ಹುದ್ದೆ ತುಂಬೋದೇ ಬ್ಯಾಡ" ಎನ್ನುವ ಜಾಣರು ಇವರು. ಅತಿಥಿ ಉಪನ್ಯಾಸಕರ ಕತೆ ನಮ್ಮ ಕಣ್ಣ ಮುಂದೆಯೇ ಇದೆ. ತಾತ್ಕಾಲಿಕ ಎಂದು ಬಂದ ವ್ಯವಸ್ಥೆ ಕಾಯಂ ಆಯಿತು, ಅದರೊಳಗಿನ ಮನುಷ್ಯರು ಮಾತ್ರ ಕಾಯಂ ಆಗಲಿಲ್ಲ. ಗ್ರಂಥಾಲಯದಲ್ಲೂ ಅದೇ ಆಗಬಾರದು. ಪುಸ್ತಕ ವಿಂಗಡಿಸುವುದು, ಯಾವುದು ಕೊಳ್ಳಬೇಕು ಎಂದು ನಿರ್ಧರಿಸುವುದು, ಓದುಗನಿಗೆ ದಾರಿ ತೋರಿಸುವುದು ಕಲಿತು ಬಂದವರ ಕೆಲಸ. ವಿದ್ಯಾರ್ಥಿ ಅವರ ಕೈಗೆ ಕೈ ಜೋಡಿಸುವವನು, ಅವರ ಕುರ್ಚಿಗೆ ಬದಲಿ ಅಲ್ಲ. ಕಲಿಸುವ ಗ್ರಂಥಪಾಲಕರೇ ಇಲ್ಲದ ಕಡೆ ವಿದ್ಯಾರ್ಥಿ ಏನು ಕಲಿಯುತ್ತಾನೆ? ಕೀಲಿ ತಿರುಗಿಸುವುದು, ಅಷ್ಟೇ.

ಮತ್ತೊಂದು ಮಾತನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಕಾಲೇಜಿನಲ್ಲಿ ಕಾರ್ಯಕ್ರಮ ಇದ್ದಾಗ ಕಸ ಹೊಡೆಯುವುದು ಯಾರ ಪಾಲಿಗೆ ಬರುತ್ತದೆ, ಮೈಕ್ ಹಿಡಿಯುವುದು ಯಾರ ಪಾಲಿಗೆ ಬರುತ್ತದೆ ಎಂದು ಒಮ್ಮೆ ಗಮನಿಸಿ. ರಂಗೋಲಿ ಹಾಕಿ ಚಹಾ ಕೊಡುವವರು ಯಾರು ಎಂದೂ ನೋಡಿ. ನಿಯಮ ಬರೆಯದೆ ಬಿಟ್ಟರೆ ಗ್ರಂಥಾಲಯದಲ್ಲೂ ಪೊರಕೆ ಒಬ್ಬನ ಕೈಗೆ, ಕಂಪ್ಯೂಟರ್ ಇನ್ನೊಬ್ಬನ ಕೈಗೆ ಹೋಗುತ್ತದೆ. ಯಾವ ಕೈಗೆ ಯಾವುದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ನಮ್ಮ ಬೇಡಿಕೆ ಹೀಗಿರಲಿ:

1. ಪ್ರತಿ ಪದವಿ ಕಾಲೇಜಿನ ಗ್ರಂಥಾಲಯಕ್ಕೆ ಕನಿಷ್ಠ ನಾಲ್ವರು ವಿದ್ಯಾರ್ಥಿ ಸಹಾಯಕರು. ಅರ್ಜಿ ಕರೆದು, ನೋಟಿಸ್ ಬೋರ್ಡಿಗೆ ಹೆಸರು ಹಾಕಿ ಆಯ್ಕೆ ಮಾಡಬೇಕು. ಮನೆಯ ಆದಾಯ ಕಡಿಮೆ ಇದ್ದವರಿಗೆ ಮೊದಲ ಅವಕಾಶ, ಅದರಲ್ಲಿ ಅರ್ಧ ಹುಡುಗಿಯರು.

2. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕೆಲಸ ಬೇಡ. ಪರೀಕ್ಷೆ ಹತ್ತಿರ ಬಂದಾಗ ರಜೆ. ತರಗತಿಯ ಹೊತ್ತಿನಲ್ಲಿ ಕೆಲಸಕ್ಕೆ ಕರೆಯಬಾರದು.

3. ಉದ್ಯೋಗ ಖಾತರಿ ಕೂಲಿಗಿಂತ ಕಡಿಮೆ ಇಲ್ಲದಂತೆ ಗಂಟೆ ಲೆಕ್ಕದ ಹಣ, ಪ್ರತಿ ತಿಂಗಳು, ನೇರ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ.

4. ಕೆಲಸ ಎಂದರೆ ಪುಸ್ತಕ ಕೊಡುವುದು, ಪಡೆಯುವುದು, ಜೋಡಿಸುವುದು, ಕಂಪ್ಯೂಟರಿಗೆ ಸೇರಿಸುವುದು, ಹೊಸಬರಿಗೆ ಹುಡುಕಲು ನೆರವಾಗುವುದು. ಕಸ ಹೊಡೆಯುವುದು, ಚಹಾ ತರುವುದು, ಸಾಹೇಬರ ಮನೆ ಕೆಲಸ ಇದರಲ್ಲಿ ಬರುವುದಿಲ್ಲ.

5. ಖಾಲಿ ಇರುವ ಗ್ರಂಥಪಾಲಕ ಹುದ್ದೆ ತುಂಬುವುದು ಬೇರೆಯೇ ಬೇಡಿಕೆ. ಅದಕ್ಕೆ ಇದು ಉತ್ತರ ಅಲ್ಲ.

ಸಂಜೆ ತನಕ ಬಾಗಿಲು ತೆರೆದರೆ ಯಾರಿಗೆ ಲಾಭ ಎಂದು ಕೇಳಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳು ಟಿಕೆಟ್ ಹಣದ ಚಿಂತೆ ಇಲ್ಲದೆ ಕಾಲೇಜಿಗೆ ಬರುತ್ತಿದ್ದಾರೆ. ಬಸ್ಸಿಗೆ ಕಾಯುವ ಹೊತ್ತು ಅವರಿಗೆ ಓದುವ ಹೊತ್ತು ಆಗಬಹುದು. ಪಿಡಿಒ, ಪೊಲೀಸ್, ಎಫ್‌ಡಿಎ ಪರೀಕ್ಷೆಗೆ ಓದುವವರು ಕೋಚಿಂಗಿಗೆಂದು ಧಾರವಾಡ, ವಿಜಯಪುರಕ್ಕೆ ಹೋಗಿ ರೂಮ್ ಬಾಡಿಗೆ ಕಟ್ಟುತ್ತಾರೆ. ಊರ ಹತ್ತಿರದ ಕಾಲೇಜಿನಲ್ಲೇ ಪುಸ್ತಕ, ಕುರ್ಚಿ, ಫ್ಯಾನು ಸಂಜೆ ಆರರ ತನಕ ಸಿಕ್ಕರೆ ಸಾಲ ಮಾಡುವ ಕೆಲವು ಅಪ್ಪಂದಿರಾದರೂ ಉಳಿಯುತ್ತಾರೆ.

ಇದನ್ನು ಓದಿ ಲೈಕ್ ಒತ್ತಿ ಸುಮ್ಮನಾಗಬೇಡಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತೆಗೆದುಕೊಳ್ಳಿ. ನಿಮ್ಮ ಮಗ, ಮಗಳು ಓದುವ ಸರ್ಕಾರಿ ಕಾಲೇಜಿಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಮೂರು ವರ್ಷದಲ್ಲಿ ಗ್ರಂಥಾಲಯ ಶುಲ್ಕ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು, ಗ್ರಂಥಾಲಯ ಎಷ್ಟರಿಂದ ಎಷ್ಟರ ತನಕ ತೆರೆದಿರುತ್ತದೆ, ಗ್ರಂಥಪಾಲಕರ ಹುದ್ದೆ ತುಂಬಿದೆಯೇ. ಇಷ್ಟು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ಉತ್ತರ ಬಂದರೆ ನಮಗೂ ಕಳಿಸಿ, ಇಲ್ಲಿ ಹಾಕುತ್ತೇವೆ. ಬರದಿದ್ದರೂ ತಿಳಿಸಿ, ಅದೂ ಸುದ್ದಿಯೇ.

ನನ್ನ ಆ ಗೆಳೆಯ ಈಗ ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ಚೆನ್ನಾಗಿದ್ದಾನೆ. ಹೋದ ತಿಂಗಳು ಗಾಡಿ ರಿಪೇರಿಗೆ ಹೋದಾಗ ಅವನ ಹತ್ತಿರ ಕಾಲೇಜು ಹುಡುಗನೊಬ್ಬ ಸಂಜೆ ಕೆಲಸಕ್ಕೆ ಬರುತ್ತಿದ್ದ. ಶನಿವಾರ ಅವನ ಕೈಗೆ ಹಣ ಎಣಿಸಿ ಕೊಡುತ್ತ ಗೆಳೆಯ ನನ್ನ ಕಡೆ ನೋಡಿ ನಕ್ಕ. "ನಾ ಸರ್ಟಿಫಿಕೇಟ್ ಕೊಡಂಗಿಲ್ಲಪಾ" ಎಂದ.